ಪೀಪಾಯಿ ಓಟ ಮತ್ತು ಜೀನಿನ ಕೊಂಬು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಕುದುರೆಯ ವಿಷಯವಾಗಿ ಮಾತಾಡುತ್ತೇನೆಂದು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಗಾಬರಿಯಾದರು. ಅವರ ತಪ್ಪಲ್ಲ. ಮುಂಬಯಿಯಲ್ಲಿ ಕುದುರೆ ಎಂದರೆ ಮಹಾಲಕ್ಷ್ಮಿ. ದೇವಸ್ಥಾನದ ಮಹಾಲಕ್ಷ್ಮಿಯಲ್ಲ, ಅತ್ತ ಕಡೆಯ ಮೈದಾನ. ತಿಂಗಳ ಮೊದಲ ವಾರ ಊರಿಗೆ ಹೋಗಬೇಕಾದ ಮನಿಯಾರ್ಡರು ಆ ಮೈದಾನಕ್ಕೆ ಹೋದ ಕತೆ ಇಲ್ಲಿ ಕುಳಿತಿರುವ ಹಿರಿಯರಿಗೆಲ್ಲ ಗೊತ್ತು. ನಾನು ಹೇಳಹೊರಟಿರುವುದು ಜೂಜಿನ ಕುದುರೆಯ ಮಾತಲ್ಲ. ಅಮೆರಿಕದ ದನಗಾಹಿಗಳ ನಾಡಿನಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳೇ ಸವಾರಿ ಮಾಡುವ, ‘ಬ್ಯಾರೆಲ್ ರೇಸಿಂಗ್’ ಎಂಬ ಪಂದ್ಯದ ಮಾತು. ನಾವು ಪೀಪಾಯಿ ಓಟ ಎನ್ನೋಣ.

ಇದಕ್ಕೆ ಕಾರಣ ನಮ್ಮ ವಾಚನಾಲಯದ ಹುಡುಗರು. ಪತ್ರಿಕೆ ಓದಲು ಬಂದವರು ಮೊಬೈಲಿನಲ್ಲಿ ಈ ಓಟ ನೋಡುತ್ತಿದ್ದರು. ಅವರಲ್ಲೊಬ್ಬ ಕೇಳಿದ: “ಸಾರ್, ಈಕೆ ತಿರುವಿನಲ್ಲಿ ಜೀನಿನ ಮುಂದಿರುವ ಗೂಟ ಹಿಡಿದುಕೊಳ್ಳುತ್ತಾಳೆ. ಇದು ಮೋಸ ಅಲ್ಲವೆ? ಬೀಳುತ್ತೇನೆಂಬ ಭಯ ಅಲ್ಲವೆ?” ಪ್ರಶ್ನೆ ಸಣ್ಣದು. ಉತ್ತರ ಹೇಳಹೋದರೆ ಇಡೀ ಸವಾರಿಯ ವಿದ್ಯೆಯನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೇ ಈ ಭಾಷಣ.

ಹುಡುಗನ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯ ಕುದುರೆ ದಳದಲ್ಲಿ ನಾನೂ ಎರಡು ವರ್ಷ ಜೀನಿನ ಮೇಲೆ ಕುಕ್ಕಿಸಿಕೊಂಡವನು. ನಮಗೆ ಕಲಿಸುತ್ತಿದ್ದ ಉಸ್ತಾದರ ಮೊದಲ ಪಾಠವೇ ಅದು: ಜೀನು ಹಿಡಿದವನು ಇಳಿದು ನಡೆಯಲಿ. ನಮ್ಮ ಸೈನ್ಯದಲ್ಲಿ, ಮೈಸೂರಿನ ಅಶ್ವಾರೋಹಿ ಪೊಲೀಸರಲ್ಲಿ ಬಳಸುವುದು ಇಂಗ್ಲಿಷ್ ಮಾದರಿಯ ಜೀನು. ಅದಕ್ಕೆ ಕೊಂಬೇ ಇಲ್ಲ. ರೋಡಿಯೊ ಪಂದ್ಯಗಳಲ್ಲೇ ನೋಡಿ: ಪುಂಡು ಕುದುರೆಯ ಮೇಲೆ ಎಂಟು ಸೆಕೆಂಡು ಕೂರುವ ಪಂದ್ಯದಲ್ಲಿ ಸವಾರನ ಖಾಲಿ ಕೈ ಕುದುರೆಗಾಗಲಿ ಜೀನಿಗಾಗಲಿ ತಗುಲಿದರೆ ಅವನು ಹೊರಗೆ. ಆ ಜೀನಿಗೂ ಕೊಂಬಿಲ್ಲ. ಇವನ್ನೆಲ್ಲ ನೋಡಿದವನಿಗೆ ಕೊಂಬು ಹಿಡಿಯುವುದು ಅಳುಕೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಒಂದು ಆಟದ ನಿಯಮ ಇನ್ನೊಂದು ಆಟಕ್ಕೆ ಹೊಂದಬೇಕೆಂದಿಲ್ಲ. ಪೀಪಾಯಿ ಓಟದಲ್ಲಿ ಕೊಂಬು ಹಿಡಿಯಲು ಪೂರ್ಣ ಅಪ್ಪಣೆಯಿದೆ. ಅಷ್ಟೇ ಅಲ್ಲ, ಹಿಡಿಯಬೇಕಾದ ಹೊತ್ತಿನಲ್ಲಿ ಹಿಡಿಯದಿದ್ದರೆ ಕಷ್ಟಪಡುವುದು ಸವಾರಳಿಗಿಂತ ಹೆಚ್ಚಾಗಿ ಕುದುರೆ.

ಮೊದಲು ಆಟ ಹೇಗೆಂದು ತಿಳಿಯೋಣ. ಅಖಾಡದಲ್ಲಿ ತ್ರಿಕೋನಾಕಾರವಾಗಿ ಮೂರು ಪೀಪಾಯಿ ನಿಲ್ಲಿಸಿರುತ್ತಾರೆ. ಒಂದೊಂದೂ ೫೫ ಗ್ಯಾಲನ್ನಿನದು, ಎಂದರೆ ಸುಮಾರು ೨೦೮ ಲೀಟರು. ನಮ್ಮ ಚಾಳುಗಳಲ್ಲಿ ನೀರು ತುಂಬಿಡುವ ದೊಡ್ಡ ಡ್ರಮ್ಮನ್ನು ಕಣ್ಣಿಗೆ ತಂದುಕೊಂಡರೆ ಅಳತೆ ತಪ್ಪದು. ಪೂರ್ಣ ಅಳತೆಯ ಅಖಾಡದಲ್ಲಿ ಓಟದ ಗೆರೆಯಿಂದ ಮೊದಲನೆಯ ಮತ್ತು ಎರಡನೆಯ ಪೀಪಾಯಿಗಳ ಸಾಲಿಗೆ ೬೦ ಅಡಿ. ಆ ಎರಡರ ನಡುವೆ ೯೦ ಅಡಿ. ಅವೆರಡರಿಂದಲೂ ಮೂರನೆಯದಕ್ಕೆ ೧೦೫ ಅಡಿ. ಸವಾರಳು ನಾಗಾಲೋಟದಲ್ಲಿ ಗೆರೆ ದಾಟಿ ಬಂದು ಮೊದಲನೆಯದನ್ನು ಬಲಕ್ಕೆ ಸುತ್ತಿದರೆ, ಉಳಿದೆರಡನ್ನು ಎಡಕ್ಕೆ ಸುತ್ತಬೇಕು. ಬೇಕಾದವರು ಎಡದಿಂದ ಆರಂಭಿಸಿ ಉಳಿದೆರಡನ್ನು ಬಲಕ್ಕೆ ಸುತ್ತಬಹುದು. ಮೂರನೆಯದಾದ ಮೇಲೆ ನೇರವಾಗಿ ಹಿಂದಕ್ಕೆ ಓಟ. ಕುದುರೆಯ ಹೆಜ್ಜೆಯ ಜಾಡನ್ನು ಮೇಲಿಂದ ನೋಡಿದರೆ ಬಿಲ್ವಪತ್ರೆ ಬರೆದಂತಿರುತ್ತದೆ. ಕೈಯಿಂದಲೋ ಮೊಣಕಾಲಿನಿಂದಲೋ ಪೀಪಾಯಿ ಮುಟ್ಟಿದರೆ ಅಡ್ಡಿಯಿಲ್ಲ. ಉರುಳಿದರೆ ಒಂದಕ್ಕೆ ಐದು ಸೆಕೆಂಡು ದಂಡ. ದಾರಿ ತಪ್ಪಿದರೆ ಓಟವೇ ಲೆಕ್ಕಕ್ಕಿಲ್ಲ. ಈ ಅಳತೆಯಲ್ಲಿ ಒಳ್ಳೆಯ ಓಟ ಸುಮಾರು ಹದಿನೇಳು ಸೆಕೆಂಡು. ಗೆದ್ದವಳಿಗೂ ಸೋತವಳಿಗೂ ನಡುವೆ ಎಷ್ಟೋ ಸಲ ಸೆಕೆಂಡಿನ ನೂರನೆಯ ಒಂದು ಪಾಲಿನ ಅಂತರ. ಅಲ್ಲಿ ಐದು ಸೆಕೆಂಡು ಎಂದರೆ, ನಮ್ಮ ಭಾಷೆಯಲ್ಲಿ, ಆ ದಿನದ ಪೆಟ್ರೋಲು ಖರ್ಚೂ ಹುಟ್ಟಲಿಲ್ಲ ಎಂದರ್ಥ.

ಈ ಗಡಿಯಾರಕ್ಕೆ ಒಂದು ಇತಿಹಾಸವಿದೆ. ೧೯೩೧ರಲ್ಲಿ ಟೆಕ್ಸಸ್ಸಿನ ಸ್ಟ್ಯಾಮ್‌ಫರ್ಡ್ ಊರಿನ ರೋಡಿಯೊಕ್ಕೆ ಸುತ್ತಮುತ್ತಲ ಊರುಗಳ ಪರವಾಗಿ ಒಬ್ಬೊಬ್ಬ ಹುಡುಗಿಯನ್ನು ಕರೆಸುವ ಪದ್ಧತಿ ಶುರುವಾಯಿತು. ಸವಾರಿಯ ಜೊತೆಗೆ ಅವರ ಉಡುಪಿಗೂ ಅಂಕ ಕೊಡುತ್ತಿದ್ದರು. ದನದ ಹಟ್ಟಿಯಲ್ಲಿ ಗಂಡಸರ ಸಮಕ್ಕೆ ದುಡಿಯುವ ಹೆಣ್ಣುಮಕ್ಕಳು ಅಖಾಡದಲ್ಲಿ ಅಲಂಕಾರದ ಗೊಂಬೆಗಳಾಗಿ ನಿಲ್ಲಬೇಕಾಯಿತು. ೧೯೪೮ರಲ್ಲಿ ಟೆಕ್ಸಸ್ಸಿನದೇ ಸ್ಯಾನ್ ಆಂಜೆಲೊದಲ್ಲಿ ೩೮ ಹೆಂಗಸರು ಸೇರಿ ತಮ್ಮದೇ ಒಂದು ಸಂಘ ಕಟ್ಟಿದರು: ‘ಗರ್ಲ್ಸ್ ರೋಡಿಯೊ ಅಸೋಸಿಯೇಷನ್’. ೧೯೮೧ರಿಂದ ಅದರ ಹೆಸರು ‘ವಿಮೆನ್ಸ್ ಪ್ರೊಫೆಷನಲ್ ರೋಡಿಯೊ ಅಸೋಸಿಯೇಷನ್’. ೩೮ ಜನ ಎಂದರೆ ನಮ್ಮ ಸಂಘದ ವಾರ್ಷಿಕ ಸಭೆಗೆ ಬರುವವರಿಗಿಂತ ಕಡಿಮೆ! ಅವರು ನಂಬಿದ್ದು ಗಡಿಯಾರವನ್ನು. ಗಡಿಯಾರ ಮುಖ ನೋಡುವುದಿಲ್ಲ, ಬಟ್ಟೆ ನೋಡುವುದಿಲ್ಲ. ಬಹುಮಾನದ ಹಣ ಗಂಡಸರ ಸಮಕ್ಕೆ ಬರಲು ಆಮೇಲೂ ಎಷ್ಟೋ ವರ್ಷ ಕಾದಾಡಬೇಕಾಯಿತು. ಅದು ಬೇರೆ ಭಾಷಣದ ವಿಷಯ.

ಇನ್ನು ಕೊಂಬು. ಅದು ಈ ಆಟಕ್ಕಾಗಿ ಹುಟ್ಟಿದ್ದಲ್ಲ. ಮೆಕ್ಸಿಕೊದ ದನಗಾಹಿಗಳು ಓಡುವ ದನದ ಕೊರಳಿಗೆ ಹಗ್ಗ ಬೀಸಿ, ಇನ್ನೊಂದು ತುದಿಯನ್ನು ಜೀನಿನ ಮುಂದಿನ ಕೊಂಬಿಗೆ ಸುತ್ತಿ ದನವನ್ನು ತಡೆಯುತ್ತಿದ್ದರು. ಕಣದಲ್ಲಿ ಮೇಟಿಗೆ ಹಗ್ಗ ಕಟ್ಟಿದ ಹಾಗೆ. ಹಗ್ಗದ ಕೆಲಸಕ್ಕೆ ಕೊಂಬು ದಪ್ಪಗೆ, ಗಟ್ಟಿಯಾಗಿರಬೇಕು. ಪೀಪಾಯಿ ಓಟದ ಜೀನಿನ ಕೊಂಬಾದರೋ ತೆಳ್ಳಗೆ, ತುಸು ಎತ್ತರ. ಹೆಣ್ಣುಮಗಳ ಅಂಗೈಯಲ್ಲಿ ಹಿಡಿ ಕೂರುವಂತಿರಬೇಕು. ಜೀನು ಹಗುರ, ಕೂರುವ ಜಾಗ ಆಳ, ಬೆನ್ನ ಕಡೆಯ ದಂಡೆ ಎತ್ತರ. ದನ ಕಟ್ಟಲು ಮಾಡಿದ ಗೂಟ ಮನುಷ್ಯರನ್ನು ಕೂರಿಸುವ ಆಸರೆಯಾಯಿತು.

ಈಗ ತಿರುವಿಗೆ ಬರೋಣ. ವಿಷಯವೆಲ್ಲ ಇರುವುದು ಇಲ್ಲೇ.

ಸುಮಾರು ೫೦೦ ಕಿಲೊ ತೂಗುವ ಕುದುರೆ ನಾಗಾಲೋಟದಲ್ಲಿ ಬಂದು, ಪೀಪಾಯಿಯ ಹತ್ತಿರ ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ವೇಗ ತಗ್ಗಿಸುತ್ತದೆ. ಕುದುರೆ ತಗ್ಗಿತು, ಸವಾರಳ ಮೈ ತಗ್ಗಲಿಲ್ಲ. ಅದು ಮುಂದಕ್ಕೆ ನುಗ್ಗುತ್ತದೆ. ಬೆಸ್ಟ್ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಚಾಲಕ ಬ್ರೇಕು ಒತ್ತಿದಾಗ, ಮುಂದಿನ ಸೀಟಿನ ಹಿಂಬದಿಯ ಸರಳನ್ನು ಅಂಗೈಯಿಂದ ಒತ್ತಿ ನಿಂತವನು ನಿಂತೇ ಇರುತ್ತಾನೆ. ಅದೇ ಸರಳನ್ನು ತನ್ನ ಕಡೆಗೆ ಎಳೆಯುತ್ತಿದ್ದವನ ಮೂಗು ಸೀಟಿಗೆ ಬಡಿಯುತ್ತದೆ. ಜೀನಿನ ಕೊಂಬಿನ ಗುಟ್ಟೂ ಇದೇ. ಕೊಂಬನ್ನು ಎಳೆಯಬಾರದು, ಒತ್ತಬೇಕು. ಒತ್ತಿದಷ್ಟೂ ಸೊಂಟ ಕೆಳಕ್ಕೂ ಹಿಂದಕ್ಕೂ ಹೋಗಿ ಜೀನಿನ ಗುಂಡಿಯಲ್ಲಿ ಕೂರುತ್ತದೆ. ಎಳೆದರೆ ಸವಾರಳು ಜೀನಿನಿಂದ ಎದ್ದು ಕುದುರೆಯ ಹೆಗಲ ಮೇಲೆ ಬೀಳುತ್ತಾಳೆ. ಆಗ ತಿರುಗಬೇಕಾದ ಮುಂಗಾಲಿನ ಮೇಲೆ ಅವಳ ಭಾರ. ಕುದುರೆ ಹೇಗೆ ತಿರುಗೀತು? ಕೊಂಬಿನ ತುದಿ ಹೊಟ್ಟೆಗೆ ತಿವಿಯುವುದೂ ಆಗಲೇ.

ಯಾವ ಕೈ? ಹೊರಗಿನ ಕೈ. ಬಲಕ್ಕೆ ತಿರುಗುವಾಗ ಎಡಗೈ ಕೊಂಬಿನ ಮೇಲೆ, ಬಲಗೈ ಲಗಾಮಿನಲ್ಲಿ. ಎಡಕ್ಕೆ ತಿರುಗುವಾಗ ಅದಲು ಬದಲು. ಹಾಗಾಗಿ ಮೊದಲನೆಯ ಪೀಪಾಯಿಗೂ ಎರಡನೆಯದಕ್ಕೂ ನಡುವೆ ಕೈ ಬದಲಿಸಲು ಸಿಗುವುದು ಕೆಲವೇ ನೆಗೆತ. ಬಿದ್ದರೆ ಹುಡುಕುವಂತಾಗಬಾರದೆಂದು ಲಗಾಮು ಒಂದೇ ತುಂಡಿನದಾಗಿರುತ್ತದೆ. ಕೈಗೆ ಜಾಗ ಗೊತ್ತಾಗಲೆಂದು ಹಲವರು ಗಂಟು ಹಾಕಿದ ಲಗಾಮು ಬಳಸುತ್ತಾರೆ. ನೇರ ಓಟದಲ್ಲಿ ಎರಡು ಕೈಯೂ ಲಗಾಮಿನಲ್ಲಿ. ತಿರುವಿಗೆ ಒಂದೆರಡು ನೆಗೆತ ಮೊದಲು ಸವಾರಳು ಆಳವಾಗಿ ಕೂರುತ್ತಾಳೆ. ಕುದುರೆಗೆ ಅದೇ ಸೂಚನೆ. ಒಳಗೈ ಲಗಾಮಿನ ಮೇಲೆ ಮುಂದಕ್ಕೆ ಜಾರುತ್ತದೆ. ಹೊರಗೈ ಕೊಂಬಿಗೆ ಹೋಗುತ್ತದೆ.

ಇದರ ಹೊತ್ತು ತಪ್ಪಬಾರದು. ಬೇಗ ಕೊಂಬು ಹಿಡಿದವಳು ದಾರಿ ನಡೆಸುವ ಒಂದು ಕೈಯನ್ನು ಬೇಗ ಕಳೆದುಕೊಂಡಳು. ಕುದುರೆ ಒಳಕ್ಕೆ ಕತ್ತರಿಸಿ ಪೀಪಾಯಿಗೆ ಹೆಗಲು ಕೊಡುತ್ತದೆ. ತಡವಾಗಿ ಹಿಡಿದವಳ ಮೈ ಆಗಲೇ ಮುಂದಕ್ಕೆ ಹೋಗಿಯಾಯಿತು. ಇನ್ನು ಒತ್ತಲು ಬರುವುದಿಲ್ಲ, ಜೋತುಬೀಳುವುದಷ್ಟೇ.

ಹಿಡಿಯದೆಯೇ ಇದ್ದರೆ? ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಮುಗ್ಗರಿಸುವ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಕೊಂಬು ಬಿಟ್ಟವಳ ಕೈಯಲ್ಲಿರುವುದು ಲಗಾಮು. ಲಗಾಮಿನ ಇನ್ನೊಂದು ತುದಿಯಲ್ಲಿರುವುದು ಕುದುರೆಯ ಬಾಯಿ; ಅದರಲ್ಲಿ ಕಬ್ಬಿಣದ ಕಡಿವಾಣ. ಪ್ರತಿ ತಿರುವಿನಲ್ಲಿ ಸವಾರಳ ಇಡೀ ಭಾರ ಆ ನಾಲಿಗೆಯ ಮೇಲೆ, ಆ ದವಡೆಯ ಮೇಲೆ ಜಗ್ಗುತ್ತದೆ. ಹೀಗೆ ಜಗ್ಗಿಸಿಕೊಂಡ ಕುದುರೆ ಕೆಲವೇ ದಿನಗಳಲ್ಲಿ ತಲೆ ಎಸೆಯಲು ಕಲಿಯುತ್ತದೆ. ಆಮೇಲೆ ಪೀಪಾಯಿ ಕಂಡರೆ ಬಾಯಿ ತೆರೆಯುತ್ತದೆ. ಕೊನೆಗೆ ಅಖಾಡದ ಬಾಗಿಲಲ್ಲೇ ನಿಂತು ಒಳಗೆ ಬರಲೊಲ್ಲೆ ಎನ್ನುತ್ತದೆ. ಜನ ಅದಕ್ಕೆ ಮೊಂಡು ಕುದುರೆ ಎಂದು ಹೆಸರಿಡುತ್ತಾರೆ. ನೋವಿರುವ ಜಾಗಕ್ಕೆ ಮತ್ತೆ ಹೋಗುವುದಿಲ್ಲ ಎನ್ನುವುದು ಮೊಂಡುತನವೆ? ಆದ್ದರಿಂದ ಕೊಂಬು ಹಿಡಿಯುವುದು ತನ್ನ ಭಾರವನ್ನು ಕುದುರೆಯ ಬಾಯಿಂದ ತೆಗೆದು ಜೀನಿನ ಮೇಲೆ ಹಾಕುವ ಉಪಾಯ. ನಮ್ಮ ಉಸ್ತಾದರ ಮಾತಿನ ಉದ್ದೇಶವೂ ನಿಜವಾಗಿ ಅದೇ ಆಗಿತ್ತು. ಅವರು ಕೈಯ ಹಂಗಿಲ್ಲದೆ ಕೂರುವುದನ್ನು ಕಲಿಸುತ್ತಿದ್ದರು. ಆ ಕಲಿಕೆ ಇಲ್ಲದವಳಿಗೆ ಕೊಂಬು ಊರುಗೋಲಾಗಿಬಿಡುತ್ತದೆ ಎಂಬುದನ್ನೂ ಒಪ್ಪಬೇಕು.

ಉಳಿದ ಮೈಯ ಮಾತು ಬೇಗ ಹೇಳುತ್ತೇನೆ. ಕಣ್ಣು ಪೀಪಾಯಿಯ ಮೇಲಿರಬಾರದು. ಕುದುರೆ ಎಲ್ಲಿ ಕಾಲಿಡಬೇಕೋ ಆ ನೆಲದ ಮೇಲಿರಬೇಕು. ಪೀಪಾಯಿಯನ್ನೇ ನೋಡಿದವಳು ಪೀಪಾಯಿಗೇ ಹೋಗುತ್ತಾಳೆ. ಸೈಕಲ್ ಕಲಿಯುವಾಗ ಗುಂಡಿಯನ್ನೇ ನೋಡಿ ಗುಂಡಿಗೆ ಬಿದ್ದವರನ್ನು ಕೇಳಿ. ಒಳಗಿನ ಹೆಗಲು ಇಳಿಬೀಳಬಾರದು. ಸವಾರಳು ವಾಲಿದರೆ ಕುದುರೆಯೂ ವಾಲುತ್ತದೆ. ಒಳಗಿನ ಕಾಲು ಕುದುರೆಯ ಪಕ್ಕೆಗೆ ತಗುಲಿ, ಮೈಯನ್ನು ಪೀಪಾಯಿಯಿಂದ ಆಚೆಗೆ ಬಾಗಿಸಿ ಹಿಡಿಯುತ್ತದೆ. ಪೀಪಾಯಿಯ ಪಕ್ಕದಲ್ಲಿ ತಿರುಗಲು ಬೇಕಾದಷ್ಟು ಜಾಗ ಬಿಟ್ಟು ಒಳಹೋಗಬೇಕು. ಜಿಪುಣತನ ಮಾಡಿದರೆ ಹೊರಬರುವಾಗ ಮೊಣಕಾಲು ತೆರಬೇಕಾಗುತ್ತದೆ. ಕಾಲಿಗೆ ಕಾಪು ಕಟ್ಟಿಕೊಂಡು ಓಡುವವರು ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ.

ಇದೆಲ್ಲ ಕೂಡಿಬರುವುದು ವೇಗದಲ್ಲಿ ಅಲ್ಲ, ನಿಧಾನದಲ್ಲಿ. ಮೊದಲು ನಡಿಗೆಯಲ್ಲಿ ಮೂರು ಪೀಪಾಯಿ ಸುತ್ತುತ್ತಾರೆ; ಆಮೇಲೆ ಕುಕ್ಕುಲೋಟ. ಕೂರು, ಲಗಾಮು ಜಾರಿಸು, ಕೊಂಬು ಒತ್ತು, ಮುಂದೆ ನೋಡು, ಕೊಂಬು ಬಿಡು, ಎರಡು ಕೈ. ಬೆರಳಚ್ಚು ಕಲಿತ ನಮ್ಮ ಗುಮಾಸ್ತ ಮಿತ್ರರಿಗೆ ಗೊತ್ತು: ಕಣ್ಣು ಕೀಲಿಗಳ ಮೇಲಿರುವ ತನಕ ವೇಗ ಬರುವುದಿಲ್ಲ. ಕೈ ಕೊಂಬನ್ನು ಹುಡುಕುವ ತನಕ ಈ ವಿದ್ಯೆಯೂ ಬಂದಂತಲ್ಲ.

ಒಂದು ನಿಜ ಸಂಗತಿ ಹೇಳಬೇಕು. ನ್ಯೂ ಮೆಕ್ಸಿಕೊ ರಾಜ್ಯದ ಶಾರ್ಮೇನ್ ಜೇಮ್ಸ್ ಎಂಬ ಹುಡುಗಿ ೧೯೮೪ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಸ್ಕ್ಯಾಂಪರ್ ಎಂಬ ಕುದುರೆಯ ಮೇಲೆ ಜಗತ್ತಿನ ಪ್ರಶಸ್ತಿ ಗೆದ್ದಳು. ಅಲ್ಲಿಂದ ೧೯೯೩ರ ವರೆಗೆ ಹತ್ತು ವರ್ಷವೂ ಪ್ರಶಸ್ತಿ ಆ ಜೋಡಿಯದೇ. ೧೯೮೫ರಲ್ಲಿ ಲಾಸ್ ವೇಗಸ್ಸಿನ ರಾಷ್ಟ್ರೀಯ ಅಂತಿಮ ಪಂದ್ಯದ ಒಂದು ಸುತ್ತಿನಲ್ಲಿ, ಅಖಾಡಕ್ಕೆ ನುಗ್ಗುವ ಹೊತ್ತಿನಲ್ಲೇ ಸ್ಕ್ಯಾಂಪರಿನ ತಲೆಕಟ್ಟು ಕಿತ್ತುಹೋಯಿತು. ಕಡಿವಾಣ ಬಾಯಿಂದ ಬಿತ್ತು. ನಡೆಸಲು ಲಗಾಮಿಲ್ಲ, ತಡೆಯಲು ಲಗಾಮಿಲ್ಲ. ಕುದುರೆ ಮೂರು ಪೀಪಾಯಿಗಳನ್ನೂ ಕ್ರಮವಾಗಿ ಸುತ್ತಿ ಬಂತು, ಒಂದೂ ಉರುಳಲಿಲ್ಲ, ಆ ಸುತ್ತನ್ನು ಗೆದ್ದದ್ದೂ ಆಕೆಯೇ. ಅದೃಷ್ಟ ಎನ್ನುವವರು ಎನ್ನಲಿ. ಬಾಯಿಯನ್ನು ಜಗ್ಗಿ ಜಗ್ಗಿ ತಿರುಗಿಸುತ್ತಿದ್ದ ಕುದುರೆಯಾಗಿದ್ದರೆ ಅಂದು ಮೊದಲನೆಯ ಪೀಪಾಯಿಯನ್ನೂ ಸುತ್ತುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ೨೦೦೨ರಲ್ಲಿ ಬೇರೊಂದು ಕುದುರೆಯ ಮೇಲೆ ಆಕೆ ಹನ್ನೊಂದನೆಯ ಪ್ರಶಸ್ತಿಯನ್ನೂ ಪಡೆದಳು.

ಕೊಂಬು ಬಿಡುವುದರ ಬಗ್ಗೆ ಒಂದು ಮಾತು ಉಳಿದಿದೆ. ತಿರುವು ಮುಗಿದು ಕುದುರೆ ಮುಂದಕ್ಕೆ ಚಿಮ್ಮುವಾಗ ಮೈ ಹಿಂದಕ್ಕೆ ಬೀಳುತ್ತದೆ. ಆ ಒಂದು ನೆಗೆತಕ್ಕೆ ಮಾತ್ರ ಕೆಲವರು ಕೊಂಬನ್ನು ಲಘುವಾಗಿ ಎಳೆದು ಕುದುರೆಯ ಜೊತೆ ಸೇರಿಕೊಳ್ಳುತ್ತಾರೆ. ಅಲ್ಲಿಗೆ ಕೈ ತೆಗೆದುಬಿಡಬೇಕು. ಮೂರನೆಯ ಪೀಪಾಯಿ ಸುತ್ತಿದ ಮೇಲೆ ಉಳಿಯುವುದು ನೇರ ಓಟ. ಸವಾರಳು ತುಸು ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಕುದುರೆಯ ಕುತ್ತಿಗೆಯ ಕಡೆಗೆ ಸರಿಸಿ, ಲಗಾಮು ಸಡಿಲ ಬಿಡುತ್ತಾಳೆ. ಗೆರೆ ದಾಟುವ ತನಕ ಕೊಂಬಿಗೆ ಕೆಲಸವಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ವಾಚನಾಲಯ ಮುಚ್ಚಲು ಇನ್ನೂ ಕಾಲು ಗಂಟೆಯಿದೆ. ಕಡೆಯ ಲೋಕಲ್ ಹಿಡಿಯಬೇಕಾದವರು ಮೊದಲು ಕೇಳಲಿ.