ಕೆಸು ಎಂಬ ಹಿರಿಯಣ್ಣ

ಪತ್ರೊಡೆಗೆ ಎಲೆ ಕೊಡುವ ಕೆಸು ನಿಮಗೆ ಗೊತ್ತೇ ಇದೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಮೂಲಜನರಿಗೆ ಈ ಕೆಸು ಒಡಹುಟ್ಟಿದ ಅಣ್ಣ! ಆಕಾಶಪಿತ ವಾಕೇಯನ ಒಂದು ಮಗು ಹುಟ್ಟುವಾಗಲೇ ತೀರಿಹೋಯಿತಂತೆ. ಹೂಳಿದ ಜಾಗದಲ್ಲಿ ಕೆಸುವಿನ ಗಿಡ ಎದ್ದಿತಂತೆ. ಆಮೇಲೆ ಹುಟ್ಟಿದ ತಮ್ಮ ಹಾಲೋವನೇ ಆ ಜನರ ಮೂಲಪುರುಷ. ಅಣ್ಣ ಅನ್ನ ಕೊಡಬೇಕು, ತಮ್ಮ ಆರೈಕೆ ಮಾಡಬೇಕು. ನಮಗೆ ರಾಗಿಮುದ್ದೆ ಇದ್ದ ಹಾಗೆ ಅವರಿಗೆ ಬೇಯಿಸಿ ಕುಟ್ಟಿದ ಕೆಸುವಿನ ಗೆಡ್ಡೆ.

ಆರೈಕೆ ಹೇಗೆ ಅಂತೀರಾ? ಹಳ್ಳದ ನೀರನ್ನು ಸಣ್ಣ ಕಾಲುವೆಯಲ್ಲಿ ಗದ್ದೆಗೆ ತಿರುಗಿಸುತ್ತಾರೆ. ಗದ್ದೆಯಿಂದ ಗದ್ದೆಗೆ ಇಳಿದ ನೀರು ಮತ್ತೆ ಹಳ್ಳಕ್ಕೇ ಸೇರಬೇಕು. ಅದು ತಣ್ಣಗೆ ಹರಿಯುತ್ತಲೇ ಇರಬೇಕು. ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಅವರ ಭಾಷೆಯಲ್ಲಿ ನೀರಿಗೆ ‘ವಾಯ್’, ಐಶ್ವರ್ಯಕ್ಕೆ ‘ವಾಯ್‌ವಾಯ್’, ನೋಡಿ.

ಓವಾಹು ದ್ವೀಪದಲ್ಲಿ ಕಬ್ಬಿನ ತೋಟದವರು ಬೆಟ್ಟಕ್ಕೆ ಸುರಂಗ ಕೊರೆದು, 1916ರ ಹೊತ್ತಿಗೆ ವಾಯಾಹೋಲೆ ಕಡೆಯ ನೀರನ್ನು ಆಚೆ ಮಗ್ಗುಲಿಗೆ ಒಯ್ದರು. ಈಚೆ ಹಳ್ಳಗಳು ಸೊರಗಿದವು, ಕೆಸುವಿನ ಗದ್ದೆಗಳಿಗೆ ನೀರು ಸಾಲದಾಯಿತು. 1990ರ ದಶಕದಲ್ಲಿ ಕಬ್ಬು ನಿಂತಾಗ ರೈತರು ನೀರು ವಾಪಸು ಕೇಳಿದರು. ನೀರು ಸಾರ್ವಜನಿಕರದು, ಸರಕಾರ ಅದನ್ನು ಕಾಯಬೇಕಾದದ್ದು ಎಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತು. ಒಂದು ಪಾಲು ನೀರು ಹಳ್ಳಗಳಿಗೆ ಮರಳಿದೆ. ಉಳಿದದ್ದು ಇಂದಿಗೂ ಸುರಂಗ ಹಿಡಿದೇ ಹೋಗುತ್ತದೆ.