ಕೊರೆಯದ ಕುಂಬಳ, ಉಳಿಯುವ ಬೀಜ



ವಿಜಯಪುರ ನಗರದ ಅಂಚಿನಲ್ಲಿರುವ ಭೂತನಾಳದ ಎರೆಹೊಲಗಳಿಗೂ ಸಾಗರ, ಸೊರಬದ ಗದ್ದೆಗಳಿಗೂ ಮಳೆಯಲ್ಲಿ, ಮಣ್ಣಿನಲ್ಲಿ, ಬೆಳೆಯಲ್ಲಿ ಹೋಲಿಕೆಯಿಲ್ಲ. ಆದರೂ ಆಶ್ವಯುಜದ ಹುಣ್ಣಿಮೆಯಂದು ಎರಡೂ ಸೀಮೆಗಳ ಒಕ್ಕಲುಮಕ್ಕಳು ಒಂದೇ ಕಾರ್ಯಕ್ಕೆ ಹೊಲಗದ್ದೆಗಳಿಗೆ ತೆರಳುತ್ತಾರೆ. ಅಲ್ಲಿ ಅದು ಸೀಗಿ ಹುಣ್ಣಿಮೆ, ಇಲ್ಲಿ ಭೂಮಿ ಹುಣ್ಣಿಮೆ. ಪೈರು ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ ಆಕೆಯ ಬಯಕೆ ತೀರಿಸುವುದೇ ಆ ದಿನದ ಆಚರಣೆ. ವಿಜಯಪುರದ ಸೀಮೆಯಲ್ಲಿ ಹೊಲದೊಳಗೆ ಐದು ಕಲ್ಲುಗಳನ್ನಿರಿಸಿ, ಸುಣ್ಣ ಹಚ್ಚಿ, ಅರಿಸಿನ ಕುಂಕುಮವಿಟ್ಟು ಪೂಜಿಸಿ ಚರಗ ಚೆಲ್ಲುತ್ತಾರೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯ ಚಿತ್ತಾರ ಬರೆಯುತ್ತಾರೆ. ಎರಡೂ ಕಡೆ ಸಿಂಗಾರವೆಂದರೆ ಮೇಲೆ ಬರೆಯುವುದು, ಒಳಗನ್ನು ಕೊರೆಯುವುದಲ್ಲ.

ಇದೇ ಹುಣ್ಣಿಮೆಗೆ ಐದಾರು ದಿನ ಮೊದಲು, ಆಯುಧಪೂಜೆಯಂದು, ಬೂದುಗುಂಬಳವನ್ನು ಕೊರೆದು, ಕುಂಕುಮ ತುಂಬಿ, ರಸ್ತೆಯ ಮೇಲೆ ಒಡೆಯುವ ರೂಢಿಯಿದೆ. ಪ್ರಾಣಿಬಲಿಗೆ ಬದಲಾಗಿ ನಡೆಯುವ ಈ ಕೂಷ್ಮಾಂಡಬಲಿಯ ಹಿಂದೆ ಕರುಣೆಯಿದೆ, ಅದನ್ನು ಹೀಗಳೆಯಬೇಕಾಗಿಲ್ಲ. ಆದರೆ ಊರಿಗೊಂದು ಕಾಯಿಯಾಗಿದ್ದದ್ದು ವಾಹನಕ್ಕೊಂದು, ಅಂಗಡಿಗೊಂದು ಎಂದಾದಾಗ ಅನ್ನವೂ ಬೀಜವೂ ಒಟ್ಟಿಗೆ ಬೀದಿಪಾಲಾಗುತ್ತವೆ. ಆ ಹೋಳುಗಳ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರ ಕಷ್ಟ ಬೇರೆ. ಪಶ್ಚಿಮ ದೇಶಗಳಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಸಿಹಿಗುಂಬಳದ ತಿರುಳು ತೆಗೆದು ಮುಖ ಕೊರೆಯುವುದುಂಟು. ಅಲ್ಲಿಯೂ ಈಗ ಅನೇಕರು ಕೊರೆಯುವುದನ್ನು ಬಿಟ್ಟು ಇಡೀ ಕಾಯಿಯ ಮೇಲೆಯೇ ಚಿತ್ರ ಬರೆಯುತ್ತಿದ್ದಾರೆ.

ಕಾರಣ ಸರಳವಾದುದು. ಬಲಿತ ಕುಂಬಳದ ಗಟ್ಟಿ ಸಿಪ್ಪೆಯೇ ಅದರ ಕೋಟೆ. ಬೂದುಗುಂಬಳಕ್ಕೆ ಆ ಹೆಸರು ತಂದ ಬಿಳಿಯ ಹುಡಿ ಬೂದಿಯಲ್ಲ, ಮೇಣ. ಒಳಗಿನ ನೀರು ಆರದಂತೆ ಅದು ತಡೆಯುತ್ತದೆ. ಗಾಯವಿಲ್ಲದ ಕಾಯಿ ಗಾಳಿಯಾಡುವ ಅಟ್ಟದಲ್ಲಿ ಹಲವು ತಿಂಗಳು ಬಾಳುತ್ತದೆ. ಒಮ್ಮೆ ಚಾಕು ಇಳಿಯಿತೆಂದರೆ ತೇವದ ತಿರುಳಿಗೆ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ನುಗ್ಗಿ, ಕೆಲವೇ ದಿನಗಳಲ್ಲಿ ಕಾಯಿ ಕೊಳೆಯುತ್ತದೆ.

ಸಿಂಗರಿಸಲು ಬಯಸುವವರು ಉಗುರು ನಾಟದಷ್ಟು ಬಲಿತ ಕಾಯಿಯನ್ನು ಆರಿಸಬೇಕು. ಬಳ್ಳಿಯಿಂದ ಬಿಡಿಸುವಾಗ ಎರಡು ಅಂಗುಲ ತೊಟ್ಟು ಉಳಿಸಬೇಕು. ತೊಟ್ಟು ಹಿಡಿದು ಎತ್ತಬಾರದು. ಸಿಹಿಗುಂಬಳವನ್ನು ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಮೈತುಂಬ ಬರೆಯಬಹುದು. ಬೂದುಗುಂಬಳದ ಹುಡಿಯನ್ನು ಮಾತ್ರ ಪೂರ್ತಿ ಒರೆಸಬಾರದು. ಅಂಗೈಯಗಲದ ಜಾಗದಲ್ಲಿ ಚಿತ್ತಾರ ಸಾಕು. ಕೆಮ್ಮಣ್ಣು, ಅಕ್ಕಿಹಿಟ್ಟು, ಅರಿಸಿನ, ಕಪ್ಪಿಗೆ ಹುರಿದ ಅಕ್ಕಿ: ಬಣ್ಣಗಳೆಲ್ಲ ಮನೆಯಲ್ಲೇ ಇವೆ. ಹಿಟ್ಟಿನ ಲೇಪ ತೆಳುವಾಗಿರಲಿ, ಬೇಗ ಆರಲಿ; ತೇವ ಉಳಿದರೆ ಅದೇ ಬೂಷ್ಟಿಗೆ ಆಹಾರ. ಎಣ್ಣೆಬಣ್ಣ ಬೇಡ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಆದರೆ ಆ ಬಣ್ಣ ಗೋಡೆಗಾಗಿ ತಯಾರಾದದ್ದು, ಉಣ್ಣುವ ವಸ್ತುವಿಗಾಗಿ ಅಲ್ಲ.

ಹಬ್ಬ ಮುಗಿದ ಮೇಲೆ ಕಾಯಿಯನ್ನು ಹುಲ್ಲಿನ ಸಿಂಬಿಯ ಮೇಲೆ ಅಟ್ಟದಲ್ಲಿರಿಸಬೇಕು, ಇಲ್ಲವೇ ಬಾಳೆನಾರಿನಿಂದ ಜಂತಿಗೆ ತೂಗಬೇಕು. ತರಕಾರಿಯಿಲ್ಲದ ದಿನಗಳು ಎರಡೂ ಸೀಮೆಗಳಲ್ಲಿವೆ. ಭೂತನಾಳದ ಕಡೆ ಬಿರುಬೇಸಿಗೆಯಲ್ಲಿ, ಮಲೆನಾಡಿನಲ್ಲಿ ಜಡಿಮಳೆಯಲ್ಲಿ. ಆಗ ಸಿಪ್ಪೆಯೊಡನೆ ಚಿತ್ತಾರವನ್ನು ಹೆರೆದು ತೆಗೆದರೆ ಒಳಗಿನ ತಿರುಳು ಹುಳಿಗೋ ಮಜ್ಜಿಗೆಹುಳಿಗೋ ಕಾಶಿ ಹಲ್ವಕ್ಕೋ ಸಿದ್ಧವಾಗಿರುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಬೀಜ. ಕುಂಬಳದ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಜೇನು ಹಾರದಿದ್ದರೆ ಕಾಯಿಯಿಲ್ಲ. ಆದರೆ ಅದೇ ಜೇನು ನೆರೆಯ ಹಿತ್ತಲಿನ ಹೈಬ್ರಿಡ್ ಕುಂಬಳದ ಪರಾಗವನ್ನೂ ತರುತ್ತದೆ. ನಾಟಿತಳಿಯನ್ನು ಶುದ್ಧವಾಗಿ ಉಳಿಸಬೇಕಾದರೆ, ನಾಳೆ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ಇಂದು ಸಂಜೆಯೇ ನೂಲಿನಿಂದ ಕಟ್ಟಬೇಕು. ಮುಂಜಾನೆ ಬಿಚ್ಚಿ, ಪರಾಗ ಮುಟ್ಟಿಸಿ, ಹೆಣ್ಣುಹೂವನ್ನು ಮತ್ತೆ ಕಟ್ಟಬೇಕು. ಶಾಲೆಯ ಮಕ್ಕಳೂ ಕಲಿಯಬಹುದಾದ ಕೆಲಸವಿದು. ಆ ಕಾಯಿಯೇ ಹಬ್ಬಕ್ಕೆ ಸಿಂಗಾರಗೊಳ್ಳಲಿ. ಅದನ್ನು ಅಡುಗೆಗೆ ಹೆಚ್ಚಿದ ದಿನ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಟ್ಟರೆ ಮುಂಗಾರಿನ ಬಿತ್ತನೆಗೆ ಅಂಗಡಿಯ ಪೊಟ್ಟಣಕ್ಕೆ ಕಾಯಬೇಕಿಲ್ಲ.

ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಜನಕ್ಕೆ, ನೂರಾರು ಬೀಜ ಹೊತ್ತ ಕಾಯಿಯೂ ಬಸುರಿಯೇ ಎಂದು ತಿಳಿಹೇಳಬೇಕಾಗಿಲ್ಲ. ಬರುವ ನವರಾತ್ರಿಯಲ್ಲಿ ಪ್ರತಿ ಮನೆಯೂ ಒಡೆಯಲೆಂದು ತಂದ ಕಾಯಿಗಳಲ್ಲಿ ಒಂದನ್ನಾದರೂ ಒಡೆಯದೆ, ಚಿತ್ತಾರ ಬರೆದು ಅಟ್ಟಕ್ಕೇರಿಸಲಿ. ಮುಂದಿನ ವರ್ಷದ ಬಳ್ಳಿ ಅದರೊಳಗಿದೆ.