ತಿದ್ದದೆ ಬಿಟ್ಟ ಬಿಳುಪು

(ಸಂಘದ ವಾರ್ಷಿಕ ಚಿತ್ರಕಲಾ ಪ್ರದರ್ಶನದ ಸಮಾರೋಪದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನ್ನ ಹನ್ನೆರಡು ಜಲವರ್ಣ ಚಿತ್ರಗಳನ್ನು ಈ ಗೋಡೆಯ ಮೇಲೆ ತೂಗುಹಾಕಲು ಒಪ್ಪಿದ್ದೇ ಸಂಘದ ಔದಾರ್ಯ. ಅದರ ಮೇಲೆ ಆ ಚಿತ್ರಗಳ ಬಗ್ಗೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಕಲಾಶಾಲೆಯಲ್ಲಿ ಕಲಿತವನಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳುತ್ತಿರುವವನು. ಆದ್ದರಿಂದ ಕಲಾವಿಮರ್ಶೆಯ ಮಾತುಗಳನ್ನು ನನ್ನಿಂದ ನಿರೀಕ್ಷಿಸಬೇಡಿ. ಈ ಕುಂಚ ಮತ್ತು ಈ ಹಕ್ಕಿಗಳು ನನಗೆ ಏನನ್ನು ಕಲಿಸಿದವು ಎಂಬುದನ್ನಷ್ಟೇ ನಿವೇದಿಸಿಕೊಳ್ಳುತ್ತೇನೆ. ಕಲಿತದ್ದು ತಡವಾಗಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸರ್ಕಾರಿ ನೌಕರನ ಮುಖ್ಯ ಕಸುಬು ತಿದ್ದುವುದು. ಕೆಳಗಿನಿಂದ ಕರಡು ಬರುತ್ತದೆ, ನಾವು ತಿದ್ದುತ್ತೇವೆ. ನಾವು ತಿದ್ದಿದ್ದನ್ನು ಮೇಲಿನವರು ತಿದ್ದುತ್ತಾರೆ. ಒಂದು ಕರಡನ್ನು ತಿದ್ದದೆ ಹಾಗೆಯೇ ಕಳುಹಿಸಿದರೆ ಅದನ್ನು ಓದಿಯೇ ಇಲ್ಲವೆಂಬ ಸಂಶಯ ಹುಟ್ಟುತ್ತದೆ. ಇದರಿಂದಾಗಿ ಏನನ್ನು ಕಂಡರೂ ಮೊದಲು ಅದರ ತಪ್ಪನ್ನು ಕಾಣುವುದು ನಮಗೆ ಎರಡನೆಯ ಸ್ವಭಾವವಾಗಿಬಿಡುತ್ತದೆ. ನಾನು ಈ ವಿದ್ಯೆಯಲ್ಲಿ ನಿಪುಣನೆಂದು ಹೆಸರು ಪಡೆದಿದ್ದೆ. ಇಂಥ ಕೈಗೆ ಜಲವರ್ಣದಂಥ ಮಾಧ್ಯಮ ಸಿಕ್ಕಿದ್ದು ದೈವದ ವಿನೋದವೆಂದೇ ಹೇಳಬೇಕು.

೨೦೧೨ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ವೈದ್ಯರ ಸಲಹೆಯಂತೆ ಬೆಳಗಿನ ನಡಿಗೆ ಆರಂಭಿಸಿದೆ. ಯಮುನೆಯ ದಂಡೆಯಲ್ಲಿ, ಓಖ್ಲಾ ಪಕ್ಷಿಧಾಮದ ಬಳಿ, ಒಂದು ಬೆಳ್ಳಕ್ಕಿ ಆಳವಿಲ್ಲದ ನೀರಿನಲ್ಲಿ ಒಂಟಿಯಾಗಿ ನಿಂತಿತ್ತು. ಮಳೆಗಾಲದ ಸಂಜೆ ಗದ್ದೆಯ ಮೇಲೆ ಸಾಲುಸಾಲಾಗಿ ಹಾರಿಹೋಗುವ ಬೆಳ್ಳಕ್ಕಿಗಳನ್ನು ನೋಡಿ ಬೆಳೆದವನಿಗೆ ಅದು ಹೊಸ ದೃಶ್ಯವೇನಲ್ಲ. ಆದರೂ ಅಂದು ಏಕೋ ಅದನ್ನು ಬರೆಯಬೇಕೆನ್ನಿಸಿತು. ಮಗನ ಶಾಲೆಯ ಬಣ್ಣದ ಪೆಟ್ಟಿಗೆಯನ್ನು ತೆಗೆದುಕೊಂಡು ಬರೆದೆ. ಹಕ್ಕಿ ಹೋಗಿ ಸುಣ್ಣ ಬಳಿದ ಕೊಡೆಯಂತಾಯಿತು.

ಎಲ್ಲಿ ತಪ್ಪಿತೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಜಾಲಿಯ ಜಾತಿಯ ಮರದ ಅಂಟಿನಲ್ಲಿ ಕಲಸಿದ್ದು, ಅಷ್ಟೇ. ನೀರಿನಲ್ಲಿ ತೆಳುವಾಗಿಸಿ ಬಳಿದಾಗ ಅದು ಪಾರದರ್ಶಕವಾಗುತ್ತದೆ. ಬೆಳಕು ಬಣ್ಣದ ಮೂಲಕ ಇಳಿದು, ಕೆಳಗಿನ ಬಿಳಿಯ ಕಾಗದವನ್ನು ತಾಗಿ, ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಚಿತ್ರದ ಕಾಂತಿಯೆಲ್ಲ ಕಾಗದದ್ದು. ತೈಲವರ್ಣದಲ್ಲಿ ಕಪ್ಪಿನ ಮೇಲೆ ಬಿಳುಪನ್ನು ಇಡಬಹುದು, ತಪ್ಪಿದ್ದನ್ನು ಮುಚ್ಚಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಬಿಳಿಯ ಹಕ್ಕಿ ಬೇಕಾದರೆ ಹಕ್ಕಿಯನ್ನು ಬರೆಯಬಾರದು. ಅದರ ಹಿಂದಿನ ನೀರನ್ನು, ಜೊಂಡನ್ನು, ಬೆಳಗಿನ ಮಬ್ಬನ್ನು ಬರೆದು, ಹಕ್ಕಿಯ ಜಾಗವನ್ನು ಮುಟ್ಟದೆ ಬಿಡಬೇಕು. ಹಾಗೆ ಬಿಟ್ಟ ಕಾಗದವೇ ಬೆಳ್ಳಕ್ಕಿ.

ಇನ್ನೊಂದು ನಿಯಮವುಂಟು. ಒದ್ದೆಯಾದ ಬಣ್ಣ ತಾನಾಗಿ ಹರಡಿ, ತಾನಾಗಿ ಒಣಗಬೇಕು. ಅರೆ ಒಣಗಿದ ಹೊತ್ತಿನಲ್ಲಿ, ‘ಇಲ್ಲಿ ಸ್ವಲ್ಪ ಸರಿಪಡಿಸೋಣ’ ಎಂದು ನೀರು ತುಂಬಿದ ಕುಂಚವನ್ನು ತಾಗಿಸಿದಿರೋ, ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನ ಅಂಚಿನಂಥ ಕಲೆಯನ್ನು ಮೂಡಿಸುತ್ತದೆ. ಆ ಕಲೆ ಹೋಗುವುದಿಲ್ಲ; ತಿದ್ದಿದಷ್ಟೂ ಬೆಳೆಯುತ್ತದೆ. ದೆಹಲಿಯ ಮೇ ತಿಂಗಳಲ್ಲಿ ಬಣ್ಣ ಕಣ್ಣೆದುರೇ ಒಣಗಿಬಿಡುತ್ತದೆ, ಭಾದ್ರಪದದಲ್ಲಿ ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಕಾಯುವುದನ್ನು ಕಲಿಯದವನಿಗೆ ಮಳೆಗಾಲ ದೊಡ್ಡ ಶಿಕ್ಷೆ. ನನ್ನ ಮೊದಲ ಎರಡು ವರ್ಷದ ಕಾಗದಗಳೆಲ್ಲ ಹೂಕೋಸಿನ ತೋಟಗಳು.

ಇನ್ನು ಹಕ್ಕಿಗಳ ವಿಷಯ. ಬೆಟ್ಟ ಕಾಯುತ್ತದೆ, ಮರ ಕಾಯುತ್ತದೆ, ಹಕ್ಕಿ ಕಾಯುವುದಿಲ್ಲ. ಕಣ್ಣು ಕಾಗದಕ್ಕೆ ಇಳಿದು ಮತ್ತೆ ಏಳುವಷ್ಟರಲ್ಲಿ ಅದು ಕತ್ತು ತಿರುಗಿಸಿರುತ್ತದೆ, ಇಲ್ಲವೆ ಹಾರಿಹೋಗಿರುತ್ತದೆ. ಆದ್ದರಿಂದ ನೋಡುವಾಗ ಬರೆಯಬಾರದು, ಸುಮ್ಮನೆ ನೋಡಬೇಕು. ನೂರು ಸಲ ನೋಡಿದ ಮೇಲೆ ನೂರೊಂದನೆಯ ಸಲಕ್ಕೆ ಕೈಗೆ ಅದರ ನಿಲುವು ತಿಳಿದಿರುತ್ತದೆ. ಹೀಗೆ ನೋಡತೊಡಗಿದಾಗ ನನಗೆ ತಿಳಿದದ್ದು, ‘ಬೆಳ್ಳಕ್ಕಿ’ ಎಂಬ ಹೆಸರು ಗೊತ್ತಿದ್ದುದರಿಂದಲೇ ನಾನು ಅದನ್ನು ಎಂದೂ ನೋಡಿರಲಿಲ್ಲ ಎಂಬುದು. ನೆರಳಿನ ಕಡೆಯಲ್ಲಿ ಅದು ನೀಲಿ, ನೀರಿನ ಹತ್ತಿರ ಹಸಿರು, ಮುಂಜಾನೆಯ ಬಿಸಿಲಿಗೆ ತಿರುಗಿದ ಕಡೆ ತಿಳಿಹಳದಿ. ಅಪ್ಪಟ ಬಿಳುಪು ಬೆನ್ನಿನ ಮೇಲೆ ಒಂದು ಬೆರಳಗಲವಿದ್ದರೆ ಹೆಚ್ಚು.

ನನ್ನಂಥ ಹವ್ಯಾಸಿಯ ಹಿಂದೆ ದೊಡ್ಡದೊಂದು ಪರಂಪರೆಯಿದೆ. ನಾವೀಗ ಕುಳಿತಿರುವ ಈ ಉತ್ತರದ ಸೀಮೆಯಲ್ಲೇ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಹಕ್ಕಿಗಳನ್ನು ಬರೆದ. ಬಾದಶಹ ಅವನಿಗೆ ‘ನಾದಿರ್-ಉಲ್-ಅಸ್ರ್’, ಎಂದರೆ ಯುಗದ ಅಚ್ಚರಿ, ಎಂಬ ಬಿರುದು ಕೊಟ್ಟ. ಅವನು ಬರೆದ ಸೈಬೀರಿಯದ ಬಿಳಿಯ ಕೊಕ್ಕರೆಯ ಚಿತ್ರ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಪಲ್ಲಾಸನೆಂಬ ವಿಜ್ಞಾನಿ ಈ ಹಕ್ಕಿಗೆ ಶಾಸ್ತ್ರೀಯ ಹೆಸರಿಟ್ಟು ವರ್ಣಿಸಿದ್ದು ೧೭೭೩ರಲ್ಲಿ. ಮನ್ಸೂರ್ ಅದನ್ನು ಬರೆದದ್ದು ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು. ಅವನ ಕಾಲದ ಪದ್ಧತಿ ಅಪಾರದರ್ಶಕ ಜಲವರ್ಣದ್ದು. ಅಲ್ಲಿ ಬಿಳುಪು ಕೂಡ ಮೇಲೆ ಹಚ್ಚಿದ ಬಣ್ಣವೇ. ಆಮೇಲೆ, ೧೭೭೭ರಿಂದೀಚೆಗೆ, ಕಲ್ಕತ್ತೆಯಲ್ಲಿ ಮೇರಿ ಇಂಪೆ ಎಂಬಾಕೆಯ ಆಶ್ರಯದಲ್ಲಿ ಪಾಟ್ನಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರು ಮುನ್ನೂರಕ್ಕೂ ಹೆಚ್ಚು ಪ್ರಾಣಿಪಕ್ಷಿಗಳನ್ನು ವಿಲಾಯಿತಿಯ ದೊಡ್ಡ ಕಾಗದಗಳ ಮೇಲೆ ಬರೆದರು. ಬರಿಯ ಕಾಗದವನ್ನೇ ಹಿನ್ನೆಲೆಯಾಗಿ ಬಿಟ್ಟು, ಹಕ್ಕಿಯನ್ನು ಅದರ ಮೇಲೆ ನಿಲ್ಲಿಸಿದರು.

ಕನ್ನಡನಾಡಿನಲ್ಲಿ ಈ ಮಾಧ್ಯಮದ ಹಿರಿಯ ಹೆಸರು ಕೆ. ವೆಂಕಟಪ್ಪನವರದು (೧೮೮೬–೧೯೬೫). ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದ ಇವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ಅವರೂ ಕೆಲಕಾಲ ನಮ್ಮಂತೆ ಹೊರನಾಡ ಕನ್ನಡಿಗರೇ. ಊರಿಗೆ ಮರಳಿ ಅವರು ಬರೆದ ಊಟಿ, ಕೊಡೈಕನಾಲಿನ ನಿಸರ್ಗಚಿತ್ರಗಳನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ನೋಡಿದಾಗ, ಬೆಟ್ಟಗಳ ನಡುವಿನ ಮಂಜನ್ನು ಅವರು ಎಷ್ಟು ತಾಳ್ಮೆಯಿಂದ ಉಳಿಸಿಕೊಂಡಿದ್ದಾರೆಂದು ಬೆರಗಾದೆ.

ಮನ್ಸೂರನ ಆ ಬಿಳಿಯ ಕೊಕ್ಕರೆ ನಮ್ಮ ಕಾಲದವರೆಗೂ ಚಳಿಗಾಲದಲ್ಲಿ ಭರತಪುರಕ್ಕೆ ಬರುತ್ತಿತ್ತು. ೨೦೦೧–೦೨ರ ಚಳಿಗಾಲದಲ್ಲಿ ಕಂಡ ಒಂದು ಜೋಡಿಯೇ ಅಲ್ಲಿ ಕೊನೆಯದು. ಪೂರ್ವ ಸೈಬೀರಿಯದಿಂದ ಚೀನಾಕ್ಕೆ ಹೋಗುವ ಪಂಗಡ ಉಳಿದಿದೆಯಾದರೂ ಭಾರತದ ದಾರಿಯಲ್ಲಿ ಬರುವುದು ನಿಂತಿದೆ. ಆ ಹೊತ್ತಿಗೆ ನಾನು ದೆಹಲಿಗೆ ಬಂದು ವರ್ಷಗಳಾಗಿದ್ದವು. ಭರತಪುರ ಇಲ್ಲಿಂದ ಒಂದು ಬೆಳಗಿನ ಪ್ರಯಾಣ. ಒಮ್ಮೆಯಾದರೂ ಹೋಗಿ ನೋಡಬಹುದಿತ್ತು. ಭಾನುವಾರವೂ ಕಡತ ತಿದ್ದುತ್ತ ಕುಳಿತಿದ್ದೆ.

ಹೋದದ್ದರ ಮಾತು ಸಾಕು. ಬಂದು ನಿಂತದ್ದರ ಬಗ್ಗೆ ಹೇಳುತ್ತೇನೆ. ಹಳೆಯ ಕೋಟೆಯ ಮಗ್ಗುಲಿನ ಮೃಗಾಲಯಕ್ಕೆ ನೀವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. ಅಲ್ಲಿನ ಕೊಳದ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮೃಗಾಲಯದ ಸೊತ್ತಲ್ಲ. ಸುಮಾರು ೧೯೬೦ರಿಂದ ತಾವಾಗಿಯೇ ಬರುತ್ತಿರುವ ಸ್ವತಂತ್ರ ಹಕ್ಕಿಗಳು ಅವು. ಹಳದಿಯ ಕೊಕ್ಕು, ಎದೆಗೆ ಕಪ್ಪುಪಟ್ಟಿ, ಬಾಲದ ಮೇಲೆ ಯಾರೋ ಕುಂಕುಮ ತೊಳೆದ ನೀರನ್ನು ಎರಚಿದಂಥ ಗುಲಾಬಿ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹಕ್ಕಿ, ಹೆಜ್ಜಾರ್ಲೆಗಳ ಜೊತೆಯಲ್ಲಿ, ಊರ ನಡುವಿನ ಹುಣಿಸೆಮರಗಳ ಮೇಲೆ ಮರಿಮಾಡುತ್ತದೆ. ಊರವರು ಅದನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಭಾವಿಸುತ್ತಾರೆ. ಅಲ್ಲಿ ಗೂಡಿನ ಕಾಲ ಚಳಿಗಾಲದಿಂದ ಬೇಸಗೆಯವರೆಗೆ. ಇಲ್ಲಿ ಮಳೆ ಮುಗಿಯುತ್ತಲೇ. ಒಂದೇ ಜಾತಿಯ ಹಕ್ಕಿ, ಆದರೆ ಆಯಾ ಸೀಮೆಯ ಮಳೆಯನ್ನೂ ಮೀನನ್ನೂ ನೋಡಿಕೊಂಡು ತನ್ನ ಪಂಚಾಂಗವನ್ನು ಬದಲಿಸಿಕೊಂಡಿದೆ. ಹಾಗೆಂದು ಅದು ಬಣ್ಣದ ಕೊಕ್ಕರೆಯಲ್ಲವೆಂದು ಯಾರೂ ಹೇಳುವುದಿಲ್ಲ.

ಈಗ ನಾನು ಹೇಳಲೇಬೇಕಾದ, ಹೇಳಲು ಸಂಕೋಚಪಡುವ ಮಾತಿಗೆ ಬರುತ್ತೇನೆ.

ನನ್ನ ಮಗ ದೆಹಲಿಯಲ್ಲಿಯೇ ಹುಟ್ಟಿ ಬೆಳೆದವನು. ಮನೆಯಲ್ಲಿ ಶುದ್ಧ ಕನ್ನಡವನ್ನೇ ಆಡಬೇಕೆಂಬುದು ನನ್ನ ಕಟ್ಟಾಜ್ಞೆ. ಅವನು ಎರಡನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅಳುತ್ತ ಬಂದು, “ಅಪ್ಪಾ, ನಾನು ಗಿರ್ ಆದೆ” ಎಂದ. “ಗಿರ್ ಆದೆ ಅಲ್ಲ, ಬಿದ್ದೆ ಅನ್ನು” ಎಂದೆ. ಅವನು ಬಿದ್ದೆ ಎಂದು ಹೇಳಿದ ಮೇಲೆಯೇ ನಾನು ಅವನ ಮಂಡಿಯ ರಕ್ತವನ್ನು ನೋಡಿದ್ದು. ಹೀಗೆ ಪ್ರತಿಯೊಂದು ವಾಕ್ಯಕ್ಕೂ ನನ್ನ ಕೆಂಪು ಶಾಯಿ ಬಿತ್ತು. ಹದಿನಾಲ್ಕನೆಯ ವಯಸ್ಸಿಗೆ ಅವನು ನನ್ನೊಡನೆ ಕನ್ನಡವಾಡುವುದನ್ನೇ ಬಿಟ್ಟ. ಕೇಳಿದ್ದಕ್ಕೆ ಹಿಂದಿಯಲ್ಲಿ ಎರಡು ಮಾತು, ಅಷ್ಟೇ. ತಾಯಿಯೊಡನೆ ಮಾತ್ರ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ತನ್ನ ಹರಕುಮುರುಕು ಕನ್ನಡದಲ್ಲಿ ಹರಟುತ್ತಿದ್ದ. ನಾನು ಒಳಗೆ ಬಂದರೆ ಮೌನ. ನನ್ನ ಹೆಂಡತಿ ಒಮ್ಮೆ ಹೇಳಿದಳು: “ನೀವು ಅವನ ಮಾತು ಕೇಳೋದಿಲ್ಲ ಕಣ್ರೀ, ಬರೀ ತಪ್ಪು ಕೇಳ್ತೀರಿ.” ಅಂದು ನನಗೆ ಕೋಪ ಬಂದಿತು. ಅವನ ಪೆಟ್ಟಿಗೆಯಿಂದ ಬಣ್ಣ ತೆಗೆದುಕೊಂಡೆನೆಂದು ಹೇಳಿದೆನಲ್ಲ, ಅದು ಇದೇ ವರ್ಷ.

ಮೂರು ವರ್ಷಗಳ ಹಿಂದೆ, ಪುಣೆಯಲ್ಲಿ ಕೆಲಸದಲ್ಲಿರುವ ಮಗ ದೀಪಾವಳಿಗೆ ಬಂದಿದ್ದ. ತಾನಾಗಿಯೇ ನನ್ನೊಡನೆ ಮೃಗಾಲಯದ ಕೊಳಕ್ಕೆ ಬಂದು ಪಕ್ಕದಲ್ಲಿ ಕುಳಿತ. ಬಣ್ಣದ ಕೊಕ್ಕರೆಯ ಮರಿಗಳು ಗದ್ದಲವೆಬ್ಬಿಸಿದ್ದವು. ನಾನು ಕಾಗದವನ್ನು ಒದ್ದೆಮಾಡಿ ಮೊದಲ ಬಣ್ಣವನ್ನು ಹರಿಯಬಿಟ್ಟಿದ್ದೆ. ಕೊಳದ ಕೊರಡಿನ ಮೇಲೆ ಒಂದು ನೀರುಕಾಗೆ ಎರಡೂ ರೆಕ್ಕೆಗಳನ್ನು ಬಿಡಿಸಿ ಬಿಸಿಲಿಗೆ ಒಡ್ಡಿಕೊಂಡು ನಿಂತಿತು. ಮಗ ಮೆಲ್ಲಗೆ, ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ, “ಅಪ್ಪಾ, ನೋಡು, ಅದು ರೆಕ್ಕೆ ಸುಖಾಯಿಸ್ತಾ ಇದೆ” ಎಂದ.

‘ಒಣಗಿಸುತ್ತಿದೆ’ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಕೈಯಲ್ಲಿ ಕುಂಚವಿತ್ತು, ಮುಂದೆ ಅರೆ ಒಣಗಿದ ಕಾಗದವಿತ್ತು. ಈಗ ಮುಟ್ಟಿದರೆ ಏನಾಗುತ್ತದೆಂದು ಹತ್ತು ವರ್ಷಗಳಿಂದ ನೂರಾರು ಕಾಗದ ಕೆಡಿಸಿ ಕಲಿತಿದ್ದೆ. ಸುಮ್ಮನಿದ್ದೆ. ಆಮೇಲೆ “ಹೌದಪ್ಪ, ಬಿಸಿಲು ಚೆನ್ನಾಗಿದೆ” ಎಂದೆ. ಅವನು ಮಾತು ಮುಂದುವರಿಸಿದ. ಅಂದು ಮಧ್ಯಾಹ್ನದವರೆಗೆ ನಾವಿಬ್ಬರೂ ಮಾತನಾಡಿದೆವು. ಅವನ ಕೆಲಸ, ಅವನ ಕೋಣೆ, ಅವನಿಗೆ ನನ್ನ ಮೇಲಿದ್ದ ಸಿಟ್ಟು, ಎಲ್ಲವೂ ಬಂದವು. ಹಿಂದಿಯ ‘ಸುಖಾನಾ’ ನಮ್ಮ ಕಿವಿಗೆ ‘ಸುಖ’ವಾಗಿ ಕೇಳುತ್ತದೆಂಬುದು ಹೊಳೆದದ್ದು ಮನೆಗೆ ಮರಳುವಾಗ. ಆ ಹಕ್ಕಿಯನ್ನು ನೋಡಿದ್ದರೆ, ಅವನ ಮಾತೇ ಹೆಚ್ಚು ಸರಿಯೆಂದು ನೀವೂ ಒಪ್ಪುತ್ತಿದ್ದಿರಿ. ಈ ಸಾಲಿನ ಏಳನೆಯ ಚಿತ್ರ ಅದೇ ನೀರುಕಾಗೆಯದು. ಎಡರೆಕ್ಕೆಯ ಬುಡದಲ್ಲಿ ಒಂದು ಕಲೆಯಿದೆ. ಅದನ್ನು ತಿದ್ದಿಲ್ಲ.

ಹಾಗಾದರೆ ಮಕ್ಕಳ ಕನ್ನಡ ಕೆಟ್ಟರೂ ಕೆಡಲಿ ಎಂದು ನಾನು ಹೇಳುತ್ತಿದ್ದೇನೆಂದು ಹಿರಿಯರು ಬಗೆಯಬಾರದು. ಜಲವರ್ಣದಲ್ಲಿಯೂ ತಿದ್ದುಪಡಿಯುಂಟು. ಆದರೆ ಅದು ಒದ್ದೆಯ ಕಾಗದದ ಮೇಲಲ್ಲ. ಮೊದಲು ನೂರು ಸಲ ನೋಡುವುದರಲ್ಲಿ, ಪೆನ್ಸಿಲಿನ ಗೀಟಿನಲ್ಲಿ, ಕೆಟ್ಟದ್ದನ್ನು ಬದಿಗಿಟ್ಟು ಮತ್ತೊಂದು ಹಾಳೆ ತೆಗೆದುಕೊಳ್ಳುವುದರಲ್ಲಿ ಅದು ನಡೆಯುತ್ತದೆ. ಮಕ್ಕಳ ವಿಷಯದಲ್ಲಿ ಇದರ ಅರ್ಥ, ನಾವು ಅವರಿಗೆ ಕಥೆ ಹೇಳಬೇಕು, ಓದಿ ತೋರಿಸಬೇಕು, ಒಳ್ಳೆಯ ಕನ್ನಡ ಅವರ ಕಿವಿಯ ಮೇಲೆ ಬೀಳುತ್ತಿರುವಂತೆ ನೋಡಿಕೊಳ್ಳಬೇಕು. ಅವರು ಮಾತನಾಡುವಾಗ ಮಾತ್ರ ನಡುವೆ ಬಾಯಿ ಹಾಕಬಾರದು.

ನಮ್ಮ ಸಂಘದ ಮಕ್ಕಳ ಭಾಷಣ ಸ್ಪರ್ಧೆಗೆ ನಾನು ಆರು ವರ್ಷ ತೀರ್ಪುಗಾರನಾಗಿದ್ದೆ. ಹಿಂದಿ ಪದವೊಂದಕ್ಕೆ ಒಂದು ಅಂಕ ಕಳೆಯುವ ನಿಯಮವನ್ನು ಸೂಚಿಸಿದವನೂ ನಾನೇ. ವರ್ಷದಿಂದ ವರ್ಷಕ್ಕೆ ಹೆಸರು ಕೊಡುವ ಮಕ್ಕಳು ಕಡಿಮೆಯಾದುದಕ್ಕೆ ನಾವು ದೂರದರ್ಶನವನ್ನೂ ಮೊಬೈಲನ್ನೂ ದೂರಿದೆವು. ಆ ನಿಯಮವನ್ನು ರದ್ದುಪಡಿಸಬೇಕೆಂದು ಇಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಭಾನುವಾರದ ಕನ್ನಡ ತರಗತಿಯಲ್ಲಿ ಮೊದಲ ಅರ್ಧ ಗಂಟೆ ಯಾರೂ ಯಾರನ್ನೂ ತಿದ್ದಬಾರದೆಂಬ ಹೊಸ ನಿಯಮವೊಂದನ್ನು ಮಾಡಬೇಕೆಂದೂ ಕೋರುತ್ತೇನೆ. ಆ ಅರ್ಧ ಗಂಟೆ ಸುಮ್ಮನೆ ಕುಳಿತು ಕೇಳಲು ನಾನು ಪ್ರತಿ ಭಾನುವಾರ ಬರಲು ಸಿದ್ಧನಿದ್ದೇನೆ.